ಬೆಲೆ ಗೊತ್ತು, ತಂಡ ಗೊತ್ತಿಲ್ಲ

2024ರ ಡಿಸೆಂಬರ್ 8ರ ಭಾನುವಾರ ರಾತ್ರಿ ಹುವಾನ್ ಸೊಟೊ ಎಂಬ 26ರ ಹರೆಯದ ಬೇಸ್‌ಬಾಲ್ ಆಟಗಾರ ನ್ಯೂಯಾರ್ಕ್ ಮೆಟ್ಸ್ ತಂಡ ಸೇರಲು ಒಪ್ಪಿದ ಸುದ್ದಿ ಹೊರಬಿತ್ತು. 15 ವರ್ಷ, 76.5 ಕೋಟಿ ಡಾಲರ್. ಬೇಸ್‌ಬಾಲಿನಲ್ಲಿ ಅಷ್ಟು ದೊಡ್ಡ ಕರಾರು ಅಲ್ಲಿಯವರೆಗೆ ಆಗಿರಲಿಲ್ಲ. ಆ ವರ್ಷ ಅವರು ಆಡಿದ್ದು ಅದೇ ಊರಿನ ಇನ್ನೊಂದು ತಂಡವಾದ ಯಾಂಕೀಸ್‌ಗೆ. ಅವರನ್ನು ಉಳಿಸಿಕೊಳ್ಳಲು ಯಾಂಕೀಸ್ 16 ವರ್ಷಕ್ಕೆ 76 ಕೋಟಿ ಕೊಡಲು ಮುಂದೆ ಬಂದಿತ್ತು ಎಂದು ವರದಿಗಳು ಹೇಳಿದವು.

ಈ ಎರಡು ಸಂಖ್ಯೆಗಳ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಿ. ಒಟ್ಟು ಮೊತ್ತದಲ್ಲಿ ಅಂತರ 50 ಲಕ್ಷ ಡಾಲರ್, ನೂರಕ್ಕೆ ಒಂದು ಪಾಲೂ ಇಲ್ಲ. ವರ್ಷದ ಲೆಕ್ಕಕ್ಕೆ ಇಳಿಸಿದರೆ ಕೊಂಚ ಹಿಗ್ಗುತ್ತದೆ: ಒಂದೆಡೆ 5.1 ಕೋಟಿ, ಇನ್ನೊಂದೆಡೆ 4.75 ಕೋಟಿ. ‘ಸೊಟೊಗೆ 75 ಕೋಟಿಯ ಆಸುಪಾಸು ಸಿಗುತ್ತದೆ’ ಎಂದು ನವೆಂಬರಿನಲ್ಲಿ ಯಾರಾದರೂ ಹೇಳಿದ್ದರೆ, ಎರಡರಲ್ಲಿ ಯಾವ ತಂಡ ಗೆದ್ದರೂ ಅವರಿಗೆ ಶಹಬ್ಬಾಸ್ ಸಿಗುತ್ತಿತ್ತು. ‘ಯಾಂಕೀಸ್‌ನಲ್ಲೇ ಉಳಿಯುತ್ತಾರೆ’ ಎಂದವರಿಗೆ ಮಾತ್ರ ಸೊನ್ನೆ. ಇಬ್ಬರೂ ಗಮನಿಸುತ್ತಿದ್ದುದು ಒಂದೇ ವ್ಯವಹಾರವನ್ನು. ಆದರೆ ಅವರು ಕೈಹಾಕಿದ್ದು ಬೇರೆ ಬೇರೆ ಜಾತಿಯ ಪ್ರಶ್ನೆಗಳಿಗೆ.

ಒಂದು ಪಟ್ಟಿಯಲ್ಲಿ ಅತಿ ದೊಡ್ಡ ಸಂಖ್ಯೆ ಎಷ್ಟು ಎಂಬುದು ಒಂದು ಪ್ರಶ್ನೆ. ಆ ದೊಡ್ಡ ಸಂಖ್ಯೆ ಯಾರದು ಎಂಬುದು ಇನ್ನೊಂದು. ಐದು ತಂಡಗಳು ಒಬ್ಬ ಆಟಗಾರನಿಗೆ ಮನಸ್ಸಿನೊಳಗೆ 70, 69, 68, 60, 50 ಎಂದು ಬೆಲೆ ಕಟ್ಟಿವೆ ಎನ್ನಿ. ಹೊರಗೆ ನಿಂತ ನಮಗೆ ಈ ಅಂಕಿಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಪ್ರತಿಯೊಂದರಲ್ಲೂ ಮೂರು ಆಚೆ, ಮೂರು ಈಚೆ ಆಗಬಹುದು. ಬೆಲೆ ಹೇಳಬೇಕಾದವನು 70ರ ಸುತ್ತಮುತ್ತ ಏನಾದರೂ ಹೇಳಿ ದಡ ಸೇರುತ್ತಾನೆ. ತಂಡದ ಹೆಸರು ಹೇಳಬೇಕಾದವನಿಗೆ ಮೊದಲ ಮೂರೂ ತಂಡಗಳು ಹೆಚ್ಚುಕಡಿಮೆ ಒಂದೇ ಸಮ. ಬೆಲೆಯ ಪ್ರಶ್ನೆಯಲ್ಲಿ ಸಣ್ಣ ತಪ್ಪು ಸಣ್ಣದಾಗಿಯೇ ಉಳಿಯುತ್ತದೆ. ಹೆಸರಿನ ಪ್ರಶ್ನೆಯಲ್ಲಿ ಅದೇ ಸಣ್ಣ ತಪ್ಪು ಇಡೀ ಉತ್ತರವನ್ನೇ ಬುಡಮೇಲು ಮಾಡುತ್ತದೆ. ವಿಚಿತ್ರವೆಂದರೆ, ಪೈಪೋಟಿ ಬಿಗಿಯಾದಷ್ಟೂ ಬೆಲೆ ಹೇಳುವುದು ಸುಲಭ, ಹೆಸರು ಹೇಳುವುದು ಕಷ್ಟ. ಹರಾಜಿನಲ್ಲಿ ಕೂಗು ನಿಲ್ಲುವುದು ಎರಡನೆಯವನು ಕೈಬಿಟ್ಟಾಗ. ಹೀಗಾಗಿ ಬೆಲೆಯನ್ನು ಗೊತ್ತುಮಾಡುವವನು ಗೆದ್ದವನಲ್ಲ, ಸೋತವರಲ್ಲಿ ಮೊದಲಿಗ.

ಅಮೆರಿಕದಲ್ಲಿ ಪ್ರತಿ ಚಳಿಗಾಲವೂ ಲಕ್ಷಾಂತರ ಜನ ಈ ಎರಡನೆಯ, ಕಷ್ಟದ ಪ್ರಶ್ನೆಗೇ ಮುಗಿಬೀಳುತ್ತಾರೆ. ಹಂಗಾಮಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿಯುವುದು ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ. ಮುಂದಿನ ಹಂಗಾಮಿನ ತಾಲೀಮು ಶುರುವಾಗುವುದು ಫೆಬ್ರವರಿ ಮಧ್ಯದಲ್ಲಿ. ನಡುವಿನ ತಿಂಗಳುಗಳಲ್ಲಿ ಆಟವಿಲ್ಲ, ಇರುವುದು ಊಹೆಯೊಂದೇ. ಮೇಜರ್ ಲೀಗಿನಲ್ಲಿ 30 ತಂಡಗಳಿವೆ. ಆರು ವರ್ಷ ಸೇವೆ ಮುಗಿಸಿದ, ಕೈಯಲ್ಲಿ ಕರಾರಿಲ್ಲದ ಆಟಗಾರ ಫ್ರೀ ಏಜೆಂಟ್. ಯಾವ ತಂಡದ ಜೊತೆಗಾದರೂ ಮಾತಾಡಬಹುದು. ಪತ್ರಿಕೆಗಳು ಐವತ್ತು ಪ್ರಮುಖರ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಒಂದು ತಂಡವನ್ನೂ ಒಂದು ಮೊತ್ತವನ್ನೂ ಬರೆಯುತ್ತವೆ. ಕಣ್ಣುಮುಚ್ಚಿ ಹೇಳಿದರೆ ತಂಡ ಸರಿಯಾಗುವ ಸಾಧ್ಯತೆ 30ರಲ್ಲಿ 1. ಪಳಗಿದವರು ಇದಕ್ಕಿಂತ ಎಷ್ಟೋ ಮುಂದಿರುತ್ತಾರೆ. ಆದರೂ ತಮ್ಮ ಪಟ್ಟಿಯಲ್ಲಿ ಸರಿಗಿಂತ ತಪ್ಪುಗಳೇ ಹೆಚ್ಚಿರುತ್ತವೆ ಎಂದು ಅವರಿಗೂ ಗೊತ್ತು.

ಐಪಿಎಲ್ ಹರಾಜಿಗೆ ಒಗ್ಗಿದ ಕಣ್ಣಿಗೆ ಇದು ಬೇರೆಯೇ ಲೋಕ. 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ನಡೆದ ಹರಾಜಿನಲ್ಲಿ ಕರ್ನಾಟಕದ ಕೆ.ಎಲ್. ರಾಹುಲ್ 14 ಕೋಟಿ ರೂಪಾಯಿಗೆ ಡೆಲ್ಲಿ ಪಾಲಾದರು. ಅವರಿಗೆ ಬೆಂಗಳೂರು ಬೇಕಿತ್ತೋ ಡೆಲ್ಲಿ ಬೇಕಿತ್ತೋ ಎಂದು ಆ ಕೊಠಡಿಯಲ್ಲಿ ಯಾರೂ ಕೇಳುವ ಹಾಗಿರಲಿಲ್ಲ. ಪ್ರತಿ ತಂಡದ ಥೈಲಿಯಲ್ಲಿ ಎಷ್ಟು ಉಳಿದಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ, ಕೂಗು ಎಲ್ಲರ ಕಿವಿಗೂ ಬೀಳುತ್ತದೆ, ಸುತ್ತಿಗೆ ಬಿದ್ದರೆ ಮುಗಿಯಿತು. ಬೇಸ್‌ಬಾಲಿನದು ನಮ್ಮ ದನದ ಜಾತ್ರೆಯ ವ್ಯಾಪಾರ. ಟವೆಲಿನ ಕೆಳಗೆ ಬೆರಳು ಹಿಡಿದು ದಲ್ಲಾಳಿ ಯಾರಿಗೆ ಎಷ್ಟು ಹೇಳಿದ ಎಂಬುದು ಪಕ್ಕದಲ್ಲೇ ನಿಂತವನಿಗೂ ಕಾಣುವುದಿಲ್ಲ. ಅದರ ಮೇಲೆ, ಇಲ್ಲಿ ಹೆಚ್ಚು ಕೊಟ್ಟವನ ಕೊಟ್ಟಿಗೆಗೆ ಹೋಗಲೇಬೇಕೆಂಬ ಕಟ್ಟಳೆಯೂ ಇಲ್ಲ. ಗಡುವಿಲ್ಲ. ತಂಡವೊಂದು ಇಷ್ಟೇ ಖರ್ಚು ಮಾಡಬೇಕೆಂಬ ಕಟ್ಟುನಿಟ್ಟಿನ ಮಿತಿಯೂ ಇಲ್ಲ.

ಆಟಗಾರನಿಗೆ ಈ ಆಯ್ಕೆ ಸಿಕ್ಕಿ ಐವತ್ತು ವರ್ಷ ಆಗಿದೆ, ಅಷ್ಟೇ. ಅದಕ್ಕೆ ಮೊದಲು ‘ಕಾಯ್ದಿರಿಸುವ ಷರತ್ತು’ ಎಂಬುದೊಂದಿತ್ತು. ಒಮ್ಮೆ ಸಹಿ ಹಾಕಿದ ಆಟಗಾರ, ತಂಡವೇ ಅವನನ್ನು ಬಿಟ್ಟುಕೊಡುವವರೆಗೆ, ಆ ತಂಡದ ಸೊತ್ತು. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ತನ್ನ ಆಟಗಾರ ಕರ್ಟ್ ಫ್ಲಡ್ ಅವರನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ಸಾಗಹಾಕಲು ಹೊರಟಾಗ ಅವರು ಒಪ್ಪಲಿಲ್ಲ, ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟು 5–3ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಬೀಗ ಮುರಿದದ್ದು 1975ರ ಡಿಸೆಂಬರ್ 23ರಂದು. ಆ್ಯಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ಹೊಸ ಕರಾರಿಗೆ ಸಹಿ ಹಾಕದೆ ಒಂದು ವರ್ಷ ಕಳೆದಿದ್ದರು. ಅವರೀಗ ಸ್ವತಂತ್ರರು ಎಂದು ಪಂಚಾಯಿತಿದಾರ ಪೀಟರ್ ಸೈಟ್ಜ್ ಹೇಳಿದರು. ಮಾಲೀಕರು ತಕ್ಷಣ ಸೈಟ್ಜ್ ಅವರನ್ನೇ ಕೆಲಸದಿಂದ ತೆಗೆದರು. ತೀರ್ಪು ಉಳಿಯಿತು.

ಆಮೇಲೆ ನಡೆದದ್ದು ಅರ್ಥಶಾಸ್ತ್ರದ ಒಂದು ಸೊಗಸಾದ ಪಾಠ. ಎಲ್ಲ ಆಟಗಾರರನ್ನೂ ಪ್ರತಿ ವರ್ಷ ಸ್ವತಂತ್ರಗೊಳಿಸಿಬಿಡೋಣ ಎಂದು ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಸೂಚಿಸಿದರು. ಉಳಿದ ಮಾಲೀಕರು ಅವರನ್ನು ತಲೆಕೆಟ್ಟವರಂತೆ ನೋಡಿದರು. ನಿಜವಾಗಿ ಬೆದರಿದ್ದು ಎದುರು ಪಾಳೆಯದ ಮಾರ್ವಿನ್ ಮಿಲ್ಲರ್. ಆಟಗಾರರ ಸಂಘದ ಮುಖ್ಯಸ್ಥರಾಗುವ ಮೊದಲು ಅವರು ಉಕ್ಕು ಕಾರ್ಮಿಕರ ಸಂಘದಲ್ಲಿದ್ದ ಅರ್ಥಶಾಸ್ತ್ರಜ್ಞ. ಮಾರುಕಟ್ಟೆಗೆ ನೂರಾರು ಆಟಗಾರರು ಒಟ್ಟಿಗೆ ಬಂದರೆ ಬೆಲೆ ನೆಲಕಚ್ಚುತ್ತದೆ, ವರ್ಷಕ್ಕೆ ಕೆಲವರೇ ಬಂದರೆ ಏರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆರು ವರ್ಷ ಸೇವೆಯ ನಂತರವೇ ಸ್ವಾತಂತ್ರ್ಯ ಎಂಬ ನಿಯಮ ಮಾಲೀಕರು ಗೆದ್ದ ರಿಯಾಯಿತಿಯಂತೆ ಕಂಡರೂ ಅದು ಮಿಲ್ಲರ್‌ಗೂ ಬೇಕಾದದ್ದೇ ಆಗಿತ್ತು.

ಸ್ವತಂತ್ರ ಆಟಗಾರ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆಗೆ ಮೊದಲ ವೈಜ್ಞಾನಿಕ ಉತ್ತರ ಬಂದದ್ದು ಸ್ವಾತಂತ್ರ್ಯ ಸಿಗುವುದಕ್ಕೆ ಇಪ್ಪತ್ತು ವರ್ಷ ಮೊದಲೇ. ಆಟಗಾರರ ಮೇಲಿನ ಹಿಡಿತ ಬಿಟ್ಟರೆ ಎಲ್ಲರೂ ಶ್ರೀಮಂತ ತಂಡಗಳಿಗೆ ಓಡುತ್ತಾರೆ, ಆಟವೇ ಹಾಳಾಗುತ್ತದೆ ಎಂಬುದು ಮಾಲೀಕರ ಹಳೆಯ ರಾಗ. 1956ರಲ್ಲಿ ಸೈಮನ್ ರಾಟನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞ ಅದನ್ನು ತಲೆಕೆಳಗು ಮಾಡಿದರು. ಆಟಗಾರ ಸ್ವತಂತ್ರನಿದ್ದರೂ ಇಲ್ಲದಿದ್ದರೂ, ಅವನಿಂದ ಅತಿ ಹೆಚ್ಚು ಆದಾಯ ಬರುವ ಊರಿಗೇ ಕೊನೆಗೆ ಹೋಗಿ ಸೇರುತ್ತಾನೆ. ಸ್ವತಂತ್ರನಿದ್ದರೆ ಹಣ ಅವನ ಜೇಬಿಗೆ. ಇಲ್ಲದಿದ್ದರೆ ಅವನನ್ನು ಮಾರುವ ಮಾಲೀಕನ ಜೇಬಿಗೆ. ಜೇಬು ಬದಲಾದೀತೇ ಹೊರತು ದಾರಿ ಬದಲಾಗದು. ದೊಡ್ಡ ತಂಡವೂ ಎಲ್ಲರನ್ನೂ ಬಾಚಿಕೊಳ್ಳುವುದಿಲ್ಲ, ಏಕೆಂದರೆ ಮೂವರು ಒಳ್ಳೆಯ ಶಾರ್ಟ್‌ಸ್ಟಾಪ್‌ಗಳಿರುವಲ್ಲಿ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಆಟಗಾರರು) ನಾಲ್ಕನೆಯವನಿಂದ ಬರುವ ಲಾಭ ಕಡಿಮೆ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿ ಬರೆದು ಹೆಸರಾದ ತತ್ವದ ಬೀಜ ಬೇಸ್‌ಬಾಲ್ ಕುರಿತ ಈ ಬರಹದಲ್ಲಿ ಆಗಲೇ ಇತ್ತು. ಇನ್ನು ಜೇಬಿನ ಅಂತರ ಎಷ್ಟಿತ್ತು ಎಂಬುದನ್ನು 1974ರಲ್ಲಿ ಅರ್ಥಶಾಸ್ತ್ರಜ್ಞ ಜೆರಾಲ್ಡ್ ಸ್ಕಲ್ಲಿ ಲೆಕ್ಕ ಹಾಕಿದರು: ತಾವು ದುಡಿದುಕೊಟ್ಟ ಆದಾಯದ ಸಣ್ಣದೊಂದು ಪಾಲು ಮಾತ್ರ ಆಟಗಾರರ ಕೈ ಸೇರುತ್ತಿತ್ತು. ಅದೇ ವರ್ಷದ ಕೊನೆಯ ದಿನ ಇದಕ್ಕೆ ಸಾಕ್ಷಿಯೂ ಸಿಕ್ಕಿತು. ಕರಾರು ಉಲ್ಲಂಘನೆಯ ಕಾರಣಕ್ಕೆ ಬಿಡುಗಡೆಯಾದ ‘ಕ್ಯಾಟ್‌ಫಿಶ್’ ಹಂಟರ್, ವರ್ಷಕ್ಕೆ 1 ಲಕ್ಷ ಡಾಲರ್ ಪಡೆಯುತ್ತಿದ್ದ ಪಿಚರ್, ಯಾಂಕೀಸ್ ಜೊತೆ 5 ವರ್ಷಕ್ಕೆ ಸುಮಾರು 35 ಲಕ್ಷದ ಕರಾರಿಗೆ ಸಹಿ ಹಾಕಿದರು.

ರಾಟನ್‌ಬರ್ಗ್ ಹೇಳಿದ್ದು ಪ್ರವಾಹದ ದಿಕ್ಕು. ಒಂದು ಹನಿ ಎಲ್ಲಿ ಬೀಳುತ್ತದೆ ಎಂದು ಹೇಳಲು ಬೇರೆ ಸಾಧನ ಬೇಕು. ಅದು ಸಿಕ್ಕಿದ್ದು ರೈಲಿನಿಂದ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಬಾರ್ಟ್ ಎಂಬ ಹೊಸ ರೈಲು ಬಂದಾಗ ಎಷ್ಟು ಜನ ಕಾರು ಬಿಟ್ಟು ಅದನ್ನು ಹತ್ತುತ್ತಾರೆ ಎಂಬ ಪ್ರಶ್ನೆ ಎದ್ದಿತು. ಅಧಿಕೃತ ಅಂದಾಜು ನೂರಕ್ಕೆ 15. ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ತಂಡ ಹೇಳಿದ್ದು 6.3. ಆದದ್ದು 6.2. ಮೆಕ್‌ಫ್ಯಾಡನ್‌ಗೆ 2000ದಲ್ಲಿ ನೊಬೆಲ್ ಬಂತು. ಅವರ ಯೋಚನೆ ಹೀಗಿತ್ತು: ವ್ಯಕ್ತಿಯ ಮುಂದಿರುವ ಪ್ರತಿ ಆಯ್ಕೆಗೂ ಅವನ ಮನಸ್ಸಿನಲ್ಲಿ ಒಂದು ತೂಕವಿದೆ. ಅದರಲ್ಲಿ ಒಂದಷ್ಟು ನಮಗೆ ಕಾಣುವಂಥದ್ದು, ಅಂದರೆ ದರ, ಸಮಯ, ದೂರ, ಇನ್ನಷ್ಟು ಕಾಣದ್ದು. ಕಾಣುವ ಭಾಗವನ್ನು ಲೆಕ್ಕಕ್ಕೆ ಹಿಡಿದು, ಕಾಣದ ಭಾಗವನ್ನು ಆಕಸ್ಮಿಕವೆಂದು ಬಗೆದರೆ ಪ್ರತಿ ಆಯ್ಕೆಗೂ ಒಂದು ಸಂಭವನೀಯತೆ ಸಿಗುತ್ತದೆ.

ಬೇಸ್‌ಬಾಲಿಗೆ ಇದನ್ನು ಒಗ್ಗಿಸುವುದು ಕಷ್ಟವಲ್ಲ. ಕಾಣುವ ಭಾಗದಲ್ಲಿ ಸರಕು ಬೇಕಾದಷ್ಟಿದೆ. ತಂಡಕ್ಕೆ ಆ ಸ್ಥಾನದಲ್ಲಿ ಆಟಗಾರ ಬೇಕೇ? ಸಂಬಳದ ಒಟ್ಟು ಮೊತ್ತ ಐಷಾರಾಮಿ ತೆರಿಗೆಯ ಗೆರೆಗೆ ಎಷ್ಟು ಹತ್ತಿರ? (2025ಕ್ಕೆ ಆ ಗೆರೆ 24.1 ಕೋಟಿ ಡಾಲರ್. ದಾಟಬಹುದು, ದಾಟಿದರೆ ದಂಡ.) ಹಳೆಯ ತಂಡ ಒಂದು ವರ್ಷದ ನಿಗದಿತ ಪ್ರಸ್ತಾಪವಿಟ್ಟು, ಆಟಗಾರ ಅದನ್ನು ತಿರಸ್ಕರಿಸಿದ್ದಾನೆಯೇ? ಹಾಗಿದ್ದರೆ ಅವನನ್ನು ಕೊಳ್ಳುವ ತಂಡ ಹೊಸಬರನ್ನು ಆರಿಸಿಕೊಳ್ಳುವ ತನ್ನ ಸರದಿಗಳಲ್ಲಿ ಕೆಲವನ್ನು ಕಳೆದುಕೊಳ್ಳುತ್ತದೆ. ಟೆಕ್ಸಾಸ್, ಫ್ಲೋರಿಡಾಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೆ 13ರವರೆಗೆ ಇದೆ. ಇಷ್ಟನ್ನೂ ಕಂಪ್ಯೂಟರಿಗೆ ತುಂಬಿದರೆ 30 ತಂಡಗಳ ಪಟ್ಟಿ ಬೇಗನೆ ಐದಾರಕ್ಕೆ ಇಳಿಯುತ್ತದೆ. ಈ ಸೋಸುವ ಕೆಲಸವೇ ಪರಿಣತರ ನಿಜವಾದ ಗಳಿಕೆ ಎಂದು ನನ್ನ ಅಭಿಪ್ರಾಯ. ಉಳಿದ ಐದರಲ್ಲಿ ಒಂದನ್ನು ಆರಿಸುವಾಗ ಅವರೂ ನಮ್ಮಂತೆಯೇ.

ಮೆಕ್‌ಫ್ಯಾಡನ್ ಮಾದರಿಗೆ ಒಂದು ಪ್ರಸಿದ್ಧ ದೋಷವಿದೆ. ಬೇಸ್‌ಬಾಲಿನಲ್ಲಿ ಅದು ಎದ್ದು ಕಾಣುತ್ತದೆ. ಪಠ್ಯಪುಸ್ತಕಗಳು ಅದನ್ನು ಬಸ್ಸಿನ ಉದಾಹರಣೆಯಿಂದ ವಿವರಿಸುತ್ತವೆ. ಜನರಲ್ಲಿ ಅರ್ಧ ಕಾರಿನಲ್ಲಿ, ಅರ್ಧ ಕೆಂಪು ಬಸ್ಸಿನಲ್ಲಿ ಹೋಗುತ್ತಿದ್ದಾರೆ. ಬಣ್ಣವೊಂದನ್ನು ಬಿಟ್ಟು ಎಲ್ಲದರಲ್ಲೂ ಅದರಂತೆಯೇ ಇರುವ ನೀಲಿ ಬಸ್ಸೊಂದು ಬಂದರೆ ಏನಾಗಬೇಕು? ಬಸ್ಸಿನವರು ಎರಡು ಬಸ್ಸುಗಳಲ್ಲಿ ಹಂಚಿಹೋಗಬೇಕು, ಕಾರಿನವರು ಕಾರಿನಲ್ಲೇ ಇರಬೇಕು. ಸರಳ ಮಾದರಿ ಮಾತ್ರ ಮೂರಕ್ಕೂ ಮೂರನೇ ಒಂದು ಪಾಲು ಕೊಟ್ಟು, ಬಣ್ಣ ನೋಡಿ ಜನ ಕಾರು ಬಿಟ್ಟರು ಎನ್ನುತ್ತದೆ. ತಂಡಗಳನ್ನು ಮೂವತ್ತು ಬಿಡಿ ಆಯ್ಕೆಗಳೆಂದು ಎಣಿಸುವವರು ಮಾಡುವುದೂ ಇದನ್ನೇ. ಕೆಲವು ಆಟಗಾರರು ಮೊದಲು ಊರು ಆರಿಸಿ ಆಮೇಲೆ ತಂಡ ಆರಿಸುತ್ತಾರೆ. ಜಪಾನಿನ ಆಟಗಾರ ಶೊಹೆಯ್ ಒಟಾನಿ 2023ರಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ಬಿಟ್ಟು ಅದೇ ಮಹಾನಗರದ ಡಾಜರ್ಸ್ ಸೇರಿದರು. ಮರುವರ್ಷ ಸೊಟೊ ಯಾಂಕೀಸ್ ಬಿಟ್ಟು ಮೆಟ್ಸ್ ಸೇರಿದರು. ಎರಡು ವರ್ಷಗಳ ಎರಡು ದೊಡ್ಡ ಕರಾರುಗಳಲ್ಲೂ ಅಂಗಿ ಬದಲಾಯಿತು, ಊರು ಬದಲಾಗಲಿಲ್ಲ. ಮೊದಲು ಊರು, ಅದರೊಳಗೆ ತಂಡ ಎಂದು ಎರಡು ಮೆಟ್ಟಿಲಿನ ಮಾದರಿ ಕಟ್ಟುವುದು ಈ ದೋಷಕ್ಕೆ ಪರಿಹಾರ.

ಇಲ್ಲಿಯವರೆಗೆ ಆಟಗಾರನ ಮನಸ್ಸಿನ ಮಾತಾಯಿತು. ತಂಡಗಳ ಮನಸ್ಸಿನಲ್ಲಿ ಇನ್ನೊಂದು ಸಿಕ್ಕು ಇದೆ. 1971ರಲ್ಲಿ ಕೇಪನ್, ಕ್ಲ್ಯಾಪ್, ಕ್ಯಾಂಬೆಲ್ ಎಂಬ ಮೂವರು ತೈಲ ಕಂಪನಿಯ ಎಂಜಿನಿಯರುಗಳು ಒಂದು ಒಗಟು ಬಿಡಿಸಿದರು: ಮೆಕ್ಸಿಕೊ ಕೊಲ್ಲಿಯ ತೈಲ ನಿಕ್ಷೇಪಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಏಕೆ ಬರುತ್ತಿಲ್ಲ? ಸಮುದ್ರದಡಿ ಎಷ್ಟು ಎಣ್ಣೆ ಇದೆ ಎಂದು ಎಲ್ಲರೂ ಅಂದಾಜು ಮಾಡುತ್ತಾರೆ. ಕೆಲವರ ಅಂದಾಜು ಕಡಿಮೆ, ಕೆಲವರದು ಹೆಚ್ಚು. ಗೆಲ್ಲುವವನು ಅತಿ ಹೆಚ್ಚು ಅಂದಾಜಿಸಿದವನು. ಅಂದರೆ ಹೆಚ್ಚಿನ ಸಲ, ಎಲ್ಲರಿಗಿಂತ ಹೆಚ್ಚು ತಪ್ಪಿದವನು. ‘ಗೆದ್ದವನ ಶಾಪ’ ಎಂದು ಹೆಸರಾದ ಈ ವಿಚಾರವನ್ನು 1980ರಲ್ಲಿ ಕ್ಯಾಸಿಂಗ್ ಮತ್ತು ಡಗ್ಲಸ್ ಎಂಬ ಅರ್ಥಶಾಸ್ತ್ರಜ್ಞರು ಬೇಸ್‌ಬಾಲಿಗೆ ಅನ್ವಯಿಸಿ, ಫ್ರೀ ಏಜೆಂಟ್‌ಗಳಿಗೆ ತಂಡಗಳು ತಕ್ಕುದಕ್ಕಿಂತ ಹೆಚ್ಚು ಕೊಡುತ್ತಿವೆ ಎಂದು ತೋರಿಸಿದರು. ಇಪ್ಪತ್ತು ವರ್ಷದ ಮೇಲೆ ಟೆಕ್ಸಾಸ್ ರೇಂಜರ್ಸ್ ಅಲೆಕ್ಸ್ ರಾಡ್ರಿಗಸ್‌ಗೆ 10 ವರ್ಷಕ್ಕೆ 25.2 ಕೋಟಿ ಕೊಟ್ಟಿತು. ಮೂರೇ ವರ್ಷ ಆಡಿಸಿ, ಸಂಬಳದ ಒಂದು ಪಾಲನ್ನು ತಾನೇ ಹೊತ್ತು, ಅವರನ್ನು ಯಾಂಕೀಸ್‌ಗೆ ದಾಟಿಸಿತು.

ಊಹಿಸುವವನಿಗೆ ಇದರಿಂದ ಬರುವ ಕಷ್ಟವನ್ನು ಗಮನಿಸಿ. ಆಟಗಾರನ ನಿಜವಾದ ಬೆಲೆಯನ್ನು ಎಲ್ಲ ತಂಡಗಳೂ ಹೆಚ್ಚುಕಡಿಮೆ ಒಂದೇ ಬಗೆಯ ಅಂಕಿಅಂಶದಿಂದ ಕಟ್ಟುತ್ತವೆ. ಹಾಗಾದರೆ ಅವನು ಯಾವ ತಂಡಕ್ಕೆ ಹೋಗುತ್ತಾನೆ ಎಂಬ ಪ್ರಶ್ನೆ ಕೊನೆಗೆ, ಈ ಸಲ ಯಾರ ಲೆಕ್ಕ ಎಲ್ಲರಿಗಿಂತ ಹೆಚ್ಚು ತಪ್ಪುತ್ತದೆ ಎಂಬ ಪ್ರಶ್ನೆಯಾಗಿ ಉಳಿಯುತ್ತದೆ. ಸರಿಯಾದ ಉತ್ತರಕ್ಕೆ ಸೂತ್ರ ಬರೆಯಬಹುದು. ತಪ್ಪನ್ನು ಮೊದಲೇ ಹೇಳುವುದು ಹೇಗೆ?

ಸೂತ್ರ ಕೈಕೊಟ್ಟಲ್ಲಿ ಜನ ಸುದ್ದಿಯ ಬೆನ್ನು ಹತ್ತುತ್ತಾರೆ. 2023ರ ಡಿಸೆಂಬರ್ 8ರ ಶುಕ್ರವಾರ ಇದಕ್ಕೆ ಎಂದೂ ಮರೆಯದ ನಿದರ್ಶನ. ಒಟಾನಿ ಯಾವ ತಂಡ ಸೇರುತ್ತಾರೆಂದು ಹಲವು ದೇಶಗಳು ಕಾಯುತ್ತಿದ್ದವು. ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಿಂದ ಟೊರಾಂಟೊಗೆ ಒಂದು ಖಾಸಗಿ ವಿಮಾನ ಹೊರಟದ್ದನ್ನು ಯಾರೋ ಪತ್ತೆ ಮಾಡಿದರು. ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ಸಾವಿರಾರು ಜನ ಆ ಚುಕ್ಕೆಯನ್ನು ಹಿಂಬಾಲಿಸಿದರು. ಟೊರಾಂಟೊ ಬ್ಲೂ ಜೇಸ್‌ನ ಜಪಾನಿ ಪಿಚರ್ ಯೂಸೆಯ್ ಕಿಕುಚಿ ಸುಶಿ ಹೋಟೆಲೊಂದನ್ನು ಪೂರ್ತಿ ಕಾದಿರಿಸಿದ್ದಾರಂತೆ ಎಂಬ ಗಾಳಿಮಾತು ಹಬ್ಬಿತು. ಒಟಾನಿ ಟೊರಾಂಟೊ ಹಾದಿಯಲ್ಲಿದ್ದಾರೆ ಎಂದು ಒಬ್ಬ ಪತ್ರಕರ್ತ, ಬ್ಲೂ ಜೇಸ್ ಸೇರಲು ಒಪ್ಪಿಯಾಗಿದೆ ಎಂದು ಇನ್ನೊಬ್ಬ ಪತ್ರಕರ್ತ ಬರೆದರು. ವಿಮಾನ ಇಳಿಯಿತು. ಹೊರಬಂದವರು ರಾಬರ್ಟ್ ಹರ್ಜಾವೆಕ್, ಅಮೆರಿಕದ ‘ಶಾರ್ಕ್ ಟ್ಯಾಂಕ್’ ಟಿವಿ ಕಾರ್ಯಕ್ರಮದ ಕೆನಡಾದ ಉದ್ಯಮಿ. ಮರುದಿನ ಒಟಾನಿ ಇನ್‌ಸ್ಟಾಗ್ರಾಮಿನಲ್ಲಿ ಡಾಜರ್ಸ್ ಹೆಸರು ಹಾಕಿದರು.

ನಕ್ಕು ಬಿಡುವುದು ಸುಲಭ. ಆದರೆ ತಪ್ಪು ಎಲ್ಲಿ ಆಯಿತು ಎಂದು ನೋಡಲು ಅಂದು ಬೇಕಿದ್ದದ್ದು ಎರಡೇ ಪ್ರಶ್ನೆ. ಒಟಾನಿ ಟೊರಾಂಟೊ ಸೇರುವುದಾದರೆ ಅಂದು ಹೀಗೊಂದು ವಿಮಾನ ಹಾರುವ ಸಾಧ್ಯತೆ ಎಷ್ಟು? ಸೇರದಿದ್ದರೂ ಹಾರುವ ಸಾಧ್ಯತೆ ಎಷ್ಟು? ಸಾಕ್ಷ್ಯದ ಬಲ ಈ ಎರಡರ ಅನುಪಾತದಲ್ಲಿದೆ. ಹದಿನೆಂಟನೆಯ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ಬಿಟ್ಟುಹೋದ ಸೂತ್ರದ ತಿರುಳು ಇದೇ. ಎರಡು ಸಿರಿವಂತ ಪ್ರದೇಶಗಳ ನಡುವೆ ಶುಕ್ರವಾರ ಖಾಸಗಿ ವಿಮಾನ ಹಾರುವುದು ಅಂಥ ಅಪರೂಪವೇನಲ್ಲ. ತಂಡ ಸೇರಲು ಒಪ್ಪುವವನು ಅಂದೇ ವಿಮಾನ ಹತ್ತಬೇಕೆಂದೂ ಇಲ್ಲ. ಫೋನಿನಲ್ಲೂ ಒಪ್ಪಬಹುದು. ಅನುಪಾತ ಒಂದರ ಹತ್ತಿರ, ಸಾಕ್ಷ್ಯ ಜೊಳ್ಳು. ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು. ವಿಮಾನ, ಸುಶಿ, ಎರಡು ವರದಿ ಸೇರಿ ನಾಲ್ಕು ಸಾಕ್ಷ್ಯಗಳು ಸಿಕ್ಕಂತೆ ಜನ ಎಣಿಸಿದರು. ಒಂದನ್ನು ನೋಡಿ ಇನ್ನೊಂದನ್ನು ನಂಬಿದರೆ ನಾಲ್ಕೂ ಸೇರಿ ಒಂದೇ ಸಾಕ್ಷ್ಯ. ಸಾವಿರ ಜನರ ಊಹೆಯ ಸರಾಸರಿ ಒಬ್ಬನ ಊಹೆಗಿಂತ ಉತ್ತಮ ಎಂಬ ಮಾತು ನಿಜವಾಗುವುದು ಆ ಸಾವಿರ ಜನ ಬೇರೆ ಬೇರೆ ರೀತಿಯಲ್ಲಿ ತಪ್ಪಿದಾಗ ಮಾತ್ರ.

ಅಂದಹಾಗೆ, ಡಾಜರ್ಸ್ ಒಟಾನಿಗೆ ಕೊಡಲು ಒಪ್ಪಿದ 70 ಕೋಟಿ ಡಾಲರ್ ಮೇಲ್ನೋಟದ ಸಂಖ್ಯೆ. ಅದರಲ್ಲಿ 68 ಕೋಟಿಯನ್ನು 2034ರಿಂದ 2043ರವರೆಗೆ ಬಡ್ಡಿಯಿಲ್ಲದೆ ಪಡೆಯಲು ಅವರು ಒಪ್ಪಿದ್ದಾರೆ. ತೆರಿಗೆಯ ಗೆರೆಯ ಲೆಕ್ಕಕ್ಕೆ ಆ ಕರಾರು ವರ್ಷಕ್ಕೆ ಸುಮಾರು 4.6 ಕೋಟಿ ಅಷ್ಟೇ. ತಾವು ಇಟ್ಟ ಪ್ರಸ್ತಾಪವೂ ಹೆಚ್ಚುಕಡಿಮೆ ಹೀಗೇ ಇತ್ತು ಎಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಅಂದಿನ ಮುಖ್ಯಸ್ಥ ಫರ್ಹಾನ್ ಜೈದಿ ಆಮೇಲೆ ಹೇಳಿದರು. ಬೆಲೆ ಸರಿಸಮ, ತಂಡ ಬೇರೆ.

ಸುದ್ದಿ ಹರಡುವವರೆಲ್ಲ ತಪ್ಪು ತಿಳಿದವರೇ ಎಂದೇನೂ ಅಲ್ಲ. ಏಜೆಂಟನಿಗೆ ಎರಡನೆಯ ಗಿರಾಕಿ ಬೇಕು. ಬೆಲೆ ಗೊತ್ತುಮಾಡುವವನು ಅವನೇ ಎಂದು ಆಗಲೇ ನೋಡಿದೆವು. ಹಾಗಾಗಿ ‘ಹೆಸರು ಹೇಳಲಾಗದ ಇನ್ನೊಂದು ತಂಡ’ ಪ್ರತಿ ಚಳಿಗಾಲವೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಹಳೇ ಚೌಕಾಸಿ ತಂತ್ರ ಎಂದು ಎಲ್ಲರೂ ತಳ್ಳಿಹಾಕುತ್ತಾರೆ, ಒಮ್ಮೊಮ್ಮೆ ಅದು ನಿಜವಾಗಿಬಿಡುತ್ತದೆ. 2010ರ ಡಿಸೆಂಬರಿನಲ್ಲಿ ಕ್ಲಿಫ್ ಲೀ ಎಂಬ ಪಿಚರ್‌ಗಾಗಿ ಯಾಂಕೀಸ್ ಮತ್ತು ಟೆಕ್ಸಾಸ್ ಸೆಣಸುತ್ತಿವೆ ಎಂದು ಎಲ್ಲರೂ ಬರೆದರು. ಅವರು ಸೇರಿದ್ದು ಫಿಲಡೆಲ್ಫಿಯಾ. 5 ವರ್ಷಕ್ಕೆ 12 ಕೋಟಿ. ಯಾಂಕೀಸ್ ಹೆಚ್ಚು ವರ್ಷ, ಹೆಚ್ಚು ಹಣ ಕೊಡಲು ಸಿದ್ಧವಿತ್ತು. ಆದರೆ ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಆಡಿದ್ದಾಗ ಆ ಊರು ಅವರಿಗೆ ಹಿಡಿಸಿತ್ತು.

ಹಣವನ್ನೇ ತೆಗೆದುಬಿಟ್ಟರೆ ಆಯ್ಕೆ ಹೇಗಿರುತ್ತದೆ? ಪ್ರಯೋಗಾಲಯದಲ್ಲಿ ಮಾಡಲಾಗದ ಈ ಪ್ರಯೋಗ 2017ರಲ್ಲಿ ತಾನಾಗಿ ನಡೆಯಿತು. ಜಪಾನಿನಿಂದ ಬರಲು ನಿರ್ಧರಿಸಿದ ಒಟಾನಿಗೆ ಆಗ 23 ವರ್ಷ. ಹೊರದೇಶದಿಂದ ಬರುವ 25ಕ್ಕಿಂತ ಚಿಕ್ಕವರಿಗೆ ತಂಡಗಳು ಕೊಡಬಹುದಾದ ಮೊತ್ತಕ್ಕೆ ಕಟ್ಟುನಿಟ್ಟಿನ ಮಿತಿಯಿತ್ತು. ಎಲ್ಲರ ಕೈಯಲ್ಲೂ ಪುಡಿಗಾಸು. ಅವರ ಏಜೆಂಟ್ ಎಲ್ಲ ತಂಡಗಳಿಗೂ ಪ್ರಶ್ನೆಪತ್ರಿಕೆ ಕಳಿಸಿದರು: ನಮ್ಮ ಹುಡುಗನ ಆಟವನ್ನು ಹೇಗೆ ಅಳೆಯುತ್ತೀರಿ, ಆರೋಗ್ಯ ಹೇಗೆ ನೋಡಿಕೊಳ್ಳುತ್ತೀರಿ, ನಿಮ್ಮ ಊರು ಎಂಥದ್ದು? ಯಾಂಕೀಸ್ ಮುಂಚೂಣಿಯಲ್ಲಿದೆ ಎಂದು ಅನೇಕರು ನಂಬಿದ್ದರು. ಭೇಟಿಗೂ ಕರೆಯದೆ ಅದನ್ನು ಮೊದಲ ಸುತ್ತಿನಲ್ಲೇ ಕೈಬಿಡಲಾಯಿತು. ಒಟಾನಿ 23.15 ಲಕ್ಷ ಡಾಲರ್ ತೆಗೆದುಕೊಂಡು ಏಂಜಲ್ಸ್ ಸೇರಿದರು. ಅದಕ್ಕಿಂತ ಹೆಚ್ಚು ಕೊಡಬಲ್ಲ ತಂಡಗಳಿದ್ದವು. ಹಣ ಸುಮಾರು ಸಮನಾದಾಗ ಕಾಣದ ಭಾಗವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ತಲೆಯ ಲೆಕ್ಕಕ್ಕೂ ಕಂಪ್ಯೂಟರಿನ ಲೆಕ್ಕಕ್ಕೂ ಅದು ಒಂದೇ ಥರ ನಿಲುಕದ್ದು.

ಒಬ್ಬನ ಆಯ್ಕೆ ಇನ್ನೊಬ್ಬನ ಆಯ್ಕೆಯನ್ನು ಬದಲಿಸುತ್ತದೆ ಎಂಬುದು ಮತ್ತೊಂದು ತೊಡಕು. ಒಂದು ತಂಡ ಒಬ್ಬ ಮೂರನೇ ಬೇಸ್ ಆಟಗಾರನನ್ನು ಕೊಂಡ ಕ್ಷಣ ಉಳಿದ ಮೂರನೇ ಬೇಸ್‌ನವರಿಗೆ ಆ ಬಾಗಿಲು ಮುಚ್ಚುತ್ತದೆ. ಐವತ್ತು ಹೆಸರುಗಳ ಮುಂದೆ ಐವತ್ತು ಬಿಡಿ ಊಹೆ ಬರೆಯುವ ಪಟ್ಟಿ ಈ ಕೊಂಡಿಯನ್ನು ಮರೆಯುತ್ತದೆ. ಇದಕ್ಕೆ ಒಂದು ದಾರಿಯಿದೆ: ಇಡೀ ಚಳಿಗಾಲವನ್ನು ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಆಡಿಸಿ, ಪ್ರತಿ ಸಲವೂ ಪಗಡೆ ಬೇರೆ ಬೀಳಲು ಬಿಟ್ಟು, ಎಷ್ಟು ಸಲ ಯಾರು ಎಲ್ಲಿಗೆ ಹೋದರು ಎಂದು ಎಣಿಸುವುದು. ಆದರೆ ಮಾದರಿಯ ಹೊರಗಿನಿಂದ ಬರುವ ಹೊಡೆತಕ್ಕೆ ಇದೂ ಬಲಿ. 2023ರ ಮಾರ್ಚಿನಲ್ಲಿ 14 ತಂಡಗಳ ಪಂದ್ಯಗಳನ್ನು ಪ್ರಾದೇಶಿಕವಾಗಿ ತೋರಿಸುತ್ತಿದ್ದ ಟಿವಿ ಕಂಪನಿ ಡೈಮಂಡ್ ಸ್ಪೋರ್ಟ್ಸ್ ದಿವಾಳಿ ಅರ್ಜಿ ಹಾಕಿತು. ಮುಂದಿನ ಚಳಿಗಾಲದಲ್ಲಿ ಎಷ್ಟೋ ತಂಡಗಳು ಥೈಲಿ ಬಿಗಿಹಿಡಿದವು. ಆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದಿದ್ದ ಬ್ಲೇಕ್ ಸ್ನೆಲ್‌ಗೆ ಐದಾರು ವರ್ಷದ ದೊಡ್ಡ ಕರಾರು ಖಚಿತ ಎಂದಿದ್ದರು. ಮಾರ್ಚ್ ಮಧ್ಯದವರೆಗೆ ಕಾದು ಅವರು ಪಡೆದದ್ದು 2 ವರ್ಷ, 6.2 ಕೋಟಿ. ಇಂಥ ವರ್ಷಗಳಲ್ಲಿ ಬೆಲೆಯೂ ಕೈತಪ್ಪುತ್ತದೆ.

ಇನ್ನೂ ಕೆಟ್ಟ ಕಾಲವೊಂದಿತ್ತು. 1985ರಿಂದ 87ರವರೆಗೆ ಮಾಲೀಕರು ಪರರ ಆಟಗಾರರನ್ನು ಕೊಳ್ಳದಿರಲು ಒಳಗೊಳಗೇ ಒಪ್ಪಿಕೊಂಡಿದ್ದರು. ಆ್ಯಂಡ್ರೆ ಡಾಸನ್ ಎಂಬ ಆಟಗಾರ ಬೇಸತ್ತು, ಮೊತ್ತದ ಜಾಗ ಖಾಲಿ ಬಿಟ್ಟು ಸಹಿ ಹಾಕಿದ ಕರಾರನ್ನು ಷಿಕಾಗೊ ಕಬ್ಸ್ ಕೈಗಿತ್ತರು. ತಂಡ 5 ಲಕ್ಷ ಡಾಲರ್ ಎಂದು ತುಂಬಿತು. ಆ ವರ್ಷ ಲೀಗಿನ ಅತ್ಯಮೂಲ್ಯ ಆಟಗಾರ ಅವರೇ. ಸಂಚು ಸಾಬೀತಾಗಿ, 1990ರಲ್ಲಿ ಮಾಲೀಕರು 28 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಬೆಲೆ ಕೂಗುವವರೇ ಬಾಯಿ ಹೊಲಿದುಕೊಂಡಾಗ ಯಾವ ಮಾದರಿಯೂ ನಿಲ್ಲದು.

ಹಾಗಾದರೆ ಊಹೆಗಾರರನ್ನು ಅಳೆಯುವುದು ಹೇಗೆ? ಉತ್ತರ ಹವಾಮಾನ ಇಲಾಖೆಯಲ್ಲಿದೆ. 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ತಜ್ಞ ಒಂದು ಸರಳ ಅಂಕಪದ್ಧತಿ ಸೂಚಿಸಿದರು. ‘ಮಳೆ ಬರುತ್ತದೆ’ ಎನ್ನಬೇಡ. ‘ನೂರಕ್ಕೆ 60’ ಎನ್ನು. ಬಂದರೆ 1, ಬರದಿದ್ದರೆ 0 ಎಂದು ಬರೆದುಕೊಂಡು ನೀನು ಹೇಳಿದ್ದಕ್ಕೂ ಆದದ್ದಕ್ಕೂ ಇರುವ ಅಂತರದ ವರ್ಗ ತೆಗೆ. ‘ಸೊಟೊ ಯಾಂಕೀಸ್‌ಗೆ, ನೂರಕ್ಕೆ ನೂರು’ ಎಂದವನಿಗೆ ದಂಡ ಪೂರ್ತಿ 1. ನೂರಕ್ಕೆ 60 ಎಂದವನಿಗೆ 0.36. ನೂರಕ್ಕೆ 45 ಎಂದವನಿಗೆ ಸುಮಾರು 0.20. ಈ ಪದ್ಧತಿಯಲ್ಲಿ ಧೈರ್ಯಕ್ಕೆ ಬೋನಸ್ ಇಲ್ಲ. ಮನಸ್ಸಿನಲ್ಲಿರುವ ಅನುಮಾನವನ್ನು ಇದ್ದಷ್ಟೇ ಹೇಳಿದವನಿಗೆ ಕಡಿಮೆ ದಂಡ. ಒಂದೇ ಹೆಸರು ಬರೆಸಿಕೊಳ್ಳುವ ಪತ್ರಿಕಾ ಪಟ್ಟಿಗಳು ಇದನ್ನು ಕೇಳುವುದೇ ಇಲ್ಲ. ಅವಕ್ಕೆ ಬೇಕಾದದ್ದು ಮಾತಿಗೆ ಮಸಾಲೆ, ಅದರಲ್ಲೇನೂ ತಪ್ಪಿಲ್ಲ.

ಅಂಕ ಹಾಕಲು ಉತ್ತರ ಯಾವುದೆಂದಾದರೂ ಖಚಿತವಿರಬೇಕು. ಕಾರ್ಲೋಸ್ ಕೊರೆಯಾ ಪ್ರಕರಣದಲ್ಲಿ ಅದೂ ಇರಲಿಲ್ಲ. 2022ರಲ್ಲಿ ಮಿನ್ನೆಸೋಟ ಟ್ವಿನ್ಸ್‌ಗೆ ಆಡಿದ ಈ ಶಾರ್ಟ್‌ಸ್ಟಾಪ್ ಡಿಸೆಂಬರ್ 13ರಂದು ಜೈಂಟ್ಸ್ ಜೊತೆ 13 ವರ್ಷಕ್ಕೆ 35 ಕೋಟಿ ಡಾಲರಿಗೆ ಒಪ್ಪಿದರು. ವೈದ್ಯರು ಹಳೆಯ ಕಾಲುಗಾಯ ನೋಡಿ ಹುಬ್ಬುಗಂಟಿಕ್ಕಿದರು, ಪತ್ರಿಕಾಗೋಷ್ಠಿ ರದ್ದಾಯಿತು. 21ರಂದು ಮೆಟ್ಸ್ ಜೊತೆ 12 ವರ್ಷಕ್ಕೆ 31.5 ಕೋಟಿ. ಅದರ ವೈದ್ಯರಿಗೂ ಅದೇ ಕಾಲು, ಅದೇ ಅನುಮಾನ. ಜನವರಿ 10ರಂದು ಕೊರೆಯಾ ಮರಳಿ ಟ್ವಿನ್ಸ್‌ಗೇ ಒಪ್ಪಿದರು: 6 ವರ್ಷ, 20 ಕೋಟಿ. ‘ಮಿನ್ನೆಸೋಟದಲ್ಲೇ ಉಳಿಯುತ್ತಾರೆ’ ಎಂದು ನವೆಂಬರಿನಲ್ಲಿ ಹೇಳಿದವನೊಬ್ಬನಿದ್ದರೆ ಅವನು ಒಂದೇ ತಿಂಗಳಲ್ಲಿ ಎರಡು ಸಲ ಸೋತು ಕೊನೆಗೆ ಗೆದ್ದ. ಬೆಲೆ ಹೇಳಿದವರು ಈ ಸಲ ಕೆಟ್ಟರು.

ಇದಕ್ಕೂ ಒಂದು ಹಳೆಯ ವಿವರಣೆಯಿದೆ. ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂದು 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೇ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದ್ದರು. 1984ರಲ್ಲಿ ಕೆನೆತ್ ಲೆನ್ ಎಂಬ ಅರ್ಥಶಾಸ್ತ್ರಜ್ಞ ಅದೇ ಮಸೂರದಿಂದ ಬೇಸ್‌ಬಾಲನ್ನು ನೋಡಿದಾಗ, ಹಳೆಯ ತಂಡದಲ್ಲೇ ಉಳಿದ ಫ್ರೀ ಏಜೆಂಟ್‌ಗಳಿಗಿಂತ ತಂಡ ಬದಲಿಸಿದವರು ಮುಂದೆ ಗಾಯಾಳುಗಳ ಪಟ್ಟಿಯಲ್ಲಿ ಹೆಚ್ಚು ದಿನ ಕಳೆದದ್ದು ಕಂಡಿತು. ಆಟಗಾರನ ಮೊಣಕಾಲು, ಭುಜ, ಕಣಕಾಲುಗಳ ಸ್ಥಿತಿ ಹಳೆಯ ತಂಡಕ್ಕೆ ಗೊತ್ತಿರುತ್ತದೆ. ಅದು ಯಾರನ್ನು ಬಿಟ್ಟುಕೊಡುತ್ತದೆ ಎಂಬುದೇ ಒಂದು ಸುಳಿವು. ಕೊರೆಯಾ ಕಾಲನ್ನು ಟ್ವಿನ್ಸ್ ಇಡೀ ಒಂದು ಹಂಗಾಮು ಹತ್ತಿರದಿಂದ ನೋಡಿತ್ತು. ಅದು ಬರೆದ ಕರಾರಿನಲ್ಲಿ ಆ ತಿಳಿವಳಿಕೆಯೂ ಇದೆ, ಉಳಿದ ಅನುಮಾನವೂ ಇದೆ: ಖಾತರಿ ಆರು ವರ್ಷಕ್ಕೆ ಮಾತ್ರ. ಸಾಕಷ್ಟು ಪಂದ್ಯ ಆಡುವಷ್ಟು ಕಾಲು ಗಟ್ಟಿಯಿದ್ದರೆ ಇನ್ನೂ ನಾಲ್ಕು ವರ್ಷ, ಇನ್ನೂ 7 ಕೋಟಿ.